ಒಂದು ಮೇಲ್‌ನಲ್ಲಿ ಬರುತ್ತಿದ್ದ ಇನ್ನೊಂದು ಮೇಲ್ ನಿಂತುಹೋಗಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರ ನಮ್ಮದೊಂದು ಸಣ್ಣ ಕಂಪ್ಯೂಟರ್ ಅಂಗಡಿ. ರಿಪೇರಿ, ಪ್ರಿಂಟ್, ಆನ್‌ಲೈನ್ ಅರ್ಜಿ, ಹೀಗೆ ಬಂದ ಕೆಲಸ ಮಾಡುತ್ತೇವೆ. ಈಚೆಗೆ ವಾರಕ್ಕೆ ಮೂರು ನಾಲ್ಕು ಮಂದಿಯಾದರೂ ಒಂದೇ ದೂರು ತರುತ್ತಾರೆ. "ನನ್ನ ಯಾಹೂ ಮೇಲ್ ಜಿಮೇಲ್‌ನ್ಯಾಗ ಬರ್ತಿತ್ರಿ. ಈಗ ಬರವಲ್ತ್ರಿ. ಪಾಸ್‌ವರ್ಡ್ ಬರೋಬ್ಬರಿ ಐತಿ, ಆದ್ರೂ ತಪ್ಪು ಅಂತೈತಿ." ಅವರು ಕೇಳಿದ್ದು, ನಾವು ಹೇಳಿದ್ದು ಎರಡನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಧಾರವಾಡ, ಗದಗ, ಹಾವೇರಿಯಿಂದ ಇದೊಂದೇ ಕೆಲಸಕ್ಕೆ ಬಸ್ ಹತ್ತಿ ಬರುವವರಿದ್ದಾರೆ. ಅವರಲ್ಲಿ ಕೆಲವರಿಗಾದರೂ ಆ ಓಡಾಟ ತಪ್ಪಲಿ.

ಪಾಸ್‌ವರ್ಡ್ ಸರಿ ಇದೆ. ಆದರೂ ತಪ್ಪು ಅಂತ ಯಾಕೆ ತೋರಿಸುತ್ತದೆ?

ನೀವು ತಪ್ಪು ಮಾಡಿಲ್ಲ. ಒಳಗೆ ಹೋಗುವ ದಾರಿ ಬದಲಾಗಿದೆ.

ಮೊದಲು ಏನಾಗುತ್ತಿತ್ತು ಅಂದರೆ, ನಿಮ್ಮ ಯಾಹೂ ಪಾಸ್‌ವರ್ಡನ್ನು ನೀವು ಜಿಮೇಲ್‌ಗೆ ಕೊಡುತ್ತಿದ್ದಿರಿ. ಜಿಮೇಲ್ ಅದನ್ನು ತನ್ನ ಹತ್ತಿರ ಇಟ್ಟುಕೊಂಡು, ಆಗಾಗ ಯಾಹೂ ಬಾಗಿಲು ತೆಗೆದು, ಹೊಸ ಪತ್ರ ಎತ್ತಿಕೊಂಡು ಬರುತ್ತಿತ್ತು. ಊರಿಗೆ ಹೋಗುವಾಗ ಪಕ್ಕದ ಮನೆಯವರ ಕೈಗೆ ಕೀಲಿಕೈ ಕೊಟ್ಟು ಹೋಗುತ್ತೇವಲ್ಲ, ಹಾಗೆ. ತೊಂದರೆ ಏನೆಂದರೆ ಆ ಕೀಲಿಕೈಯಿಂದ ಇಡೀ ಮನೆ ತೆಗೆಯಬಹುದು. ಪತ್ರ ಓದುವುದಷ್ಟೇ ಅಲ್ಲ, ಆ ಪಾಸ್‌ವರ್ಡ್ ಕದ್ದವನು ಖಾತೆಯನ್ನೇ ತನ್ನದು ಮಾಡಿಕೊಳ್ಳಬಹುದು. ಮೊಬೈಲ್‌ಗೆ ಓಟಿಪಿ ಬರುವ ಕಾವಲನ್ನೂ ಈ ಹಳೆಯ ದಾರಿ ತಪ್ಪಿಸಿಬಿಡುತ್ತಿತ್ತು.

ಅದಕ್ಕೇ ಕಂಪನಿಗಳು ಒಂದೊಂದಾಗಿ ಈ ದಾರಿ ಮುಚ್ಚಿದವು. ಯಾಹೂ 2020ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಗೂಗಲ್ ಮನೆಬಳಕೆಯ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಿತು. ಔಟ್‌ಲುಕ್, ಹಾಟ್‌ಮೇಲ್ ನಡೆಸುವ ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್ 16ಕ್ಕೆ ನಿಲ್ಲಿಸಿತು. ನಿಮ್ಮ ಎರಡು ಖಾತೆಗಳ ನಡುವಿನ ಹಳೆಯ ಜೋಡಣೆ ಇವುಗಳಲ್ಲಿ ಯಾವುದೋ ಒಂದು ದಿನ ಕಡಿದುಹೋಗಿದೆ. ಕೆಲವರಿಗೆ ಅದು ತಿಂಗಳುಗಟ್ಟಲೆ ಗೊತ್ತೇ ಆಗಿರುವುದಿಲ್ಲ. ಮೇಲ್ ಬರಲಿಲ್ಲ ಅಂದರೆ ಯಾರೂ ಕಳಿಸಿಲ್ಲ ಅಂದುಕೊಂಡಿರುತ್ತಾರೆ.

ಹಾಗಾದರೆ ಈಗಿನ ದಾರಿ ಯಾವುದು?

ಪಾಸ್‌ವರ್ಡ್ ಬದಲು ಒಪ್ಪಿಗೆ ಕೊಡುವುದು. ಹೊಸ ಪದ್ಧತಿಯಲ್ಲಿ ಯಾಹೂ ಖಾತೆ ಸೇರಿಸಲು ಹೋದರೆ ಯಾಹೂದ್ದೇ ಪುಟ ತೆರೆದುಕೊಳ್ಳುತ್ತದೆ. ಪಾಸ್‌ವರ್ಡನ್ನು ಅಲ್ಲೇ ಹಾಕುತ್ತೀರಿ. "ಈ ಆಪ್ ನಿಮ್ಮ ಮೇಲ್ ಓದಬಹುದಾ?" ಎಂದು ಅದು ಕೇಳುತ್ತದೆ. ಹೂಂ ಅಂದರೆ ಆ ಆಪ್‌ಗೆ ಒಂದು ಟೋಕನ್, ಅಂದರೆ ಒಪ್ಪಿಗೆಯ ಗುರುತಿನ ಚೀಟಿ, ಸಿಗುತ್ತದೆ. ನಿಮ್ಮ ಪಾಸ್‌ವರ್ಡ್ ಆ ಆಪ್‌ಗೆ ಗೊತ್ತೇ ಆಗುವುದಿಲ್ಲ. ಬೇಡ ಅನಿಸಿದ ದಿನ ಯಾಹೂ ಖಾತೆಗೆ ಹೋಗಿ ಆ ಒಪ್ಪಿಗೆಯನ್ನು ಮಾತ್ರ ತೆಗೆದುಹಾಕಬಹುದು. ಇದಕ್ಕೆ ಓಆತ್ ಎಂದು ಹೆಸರು. ಹೆಸರು ನೆನಪಿರಬೇಕಿಲ್ಲ. ಪಾಸ್‌ವರ್ಡ್ ಹಾಕುವ ಪುಟ ಯಾರದ್ದು ಅಂತ ನೋಡಿಕೊಳ್ಳುವುದು ಮಾತ್ರ ನೆನಪಿರಲಿ.

ಎಲ್ಲಕ್ಕಿಂತ ಮೊದಲು ಏನು ಮಾಡಬೇಕು?

ಹಳೆಯ ಖಾತೆಯನ್ನು ನೇರವಾಗಿ ಬ್ರೌಸರ್‌ನಲ್ಲಿ ತೆಗೆದು ನೋಡಿ. ಜೋಡಿಸುವ ಮಾತು ಆಮೇಲೆ. ನೇರವಾಗಿಯೇ ಒಳಗೆ ಹೋಗಲು ಬಾರದಿದ್ದರೆ ಬೇರೆ ಯಾವ ಸೆಟ್ಟಿಂಗ್ ಮಾಡಿದರೂ ಸುಮ್ನೆ ಹೊತ್ತು ಹೋಗುತ್ತದೆ.

ಬ್ಯಾಡಗಿಯಿಂದ ಒಬ್ಬ ಕಾಕಾ ಬಂದಿದ್ದರು. ಮೆಣಸಿನಕಾಯಿ ವ್ಯಾಪಾರ. ಕೇರಳದ ಕಡೆಯ ಕಾರ್ಖಾನೆಗಳಿಗೆ ಮಾಲು ಕಳಿಸುತ್ತಾರೆ. ಎಲ್ಲ ಆರ್ಡರ್ ಬರುವುದು ಒಂದು ಹಳೆಯ ಯಾಹೂ ವಿಳಾಸಕ್ಕೆ. ಕೈಯಲ್ಲಿ ಕೆಂಪು ರಟ್ಟಿನ ಡೈರಿ, ಕೊನೆಯ ಹಾಳೆಯಲ್ಲಿ ಪಾಸ್‌ವರ್ಡ್. ಮೊದಲ ಅಕ್ಷರದ ಕೆಳಗೆ ಎರಡು ಗೆರೆ ಎಳೆದು "ದೊಡ್ಡದು" ಎಂದು ಬರೆದಿದ್ದರು. ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಆದರೆ ಯಾಹೂ ಒಂದು ಮೊಬೈಲ್ ನಂಬರಿಗೆ ಕೋಡ್ ಕಳಿಸುತ್ತೇನೆ ಎಂದಿತು. ಪರದೆ ಮೇಲೆ ಆ ನಂಬರಿನ ಕೊನೆಯ ಎರಡು ಅಂಕಿ ಮಾತ್ರ. ಕಾಕಾನ ನಂಬರ್ ಅದಲ್ಲ. ಮಗನದೂ ಅಲ್ಲ. ಅರ್ಧ ತಾಸು ಯೋಚಿಸಿ ಒಮ್ಮೆಲೇ, "ಏ ತಮ್ಮಾ, ಅದು ನಮ್ಮ ಸೊಸಿ ಹಳೇ ನಂಬರ್ ಇರಬೇಕು ನೋಡು" ಎಂದರು. ಆಕೆ ರಾಣೆಬೆನ್ನೂರಿನಲ್ಲಿ. ಸಿಮ್ ಪುಣ್ಯಕ್ಕೆ ಚಾಲೂ ಇತ್ತು. ಕಾಕಾ ತಾವೇ ಫೋನ್ ಮಾಡಿದರು, ಆಕೆ ಕೋಡ್ ಓದಿ ಹೇಳಿದಳು, ಬಾಗಿಲು ತೆರೆಯಿತು. ನೋಡಿದರೆ ಓದದೆ ಬಿದ್ದಿದ್ದ ಆರ್ಡರ್‌ಗಳ ಸಾಲು. ಒಂದೊಂದನ್ನೇ ತೆರೆದು ತಾರೀಖು ನೋಡುತ್ತಾ ಹೋದರು. ಆವತ್ತು ಅವರ ಮುಖ ನೋಡಿದ ಮೇಲೆಯೇ ಇದನ್ನೆಲ್ಲ ಬರೆದಿಡಬೇಕು ಅನಿಸಿದ್ದು.

ಒಳಗೆ ಹೋದ ಕೂಡಲೇ ಮಾಡಬೇಕಾದ ಕೆಲಸ ಒಂದೇ. ಈಗ ನಿಮ್ಮ ಕೈಯಲ್ಲಿರುವ ಮೊಬೈಲ್ ನಂಬರ್ ಹಾಗೂ ಇನ್ನೊಂದು ಇಮೇಲ್ ವಿಳಾಸವನ್ನು ರಿಕವರಿ (ಕೈತಪ್ಪಿದ ಖಾತೆ ಮರಳಿ ಪಡೆಯುವುದು) ಎಂಬಲ್ಲಿ ಹಾಕಿ. ಹಳೆಯ ನಂಬರ್ ತೆಗೆಯಿರಿ. ಇದಾದ ಮೇಲೆಯೇ ಉಳಿದದ್ದು.

ಯಾಹೂ ಮೇಲ್ ಅನ್ನು ಜಿಮೇಲ್‌ನಲ್ಲಿ ನೋಡುವುದು ಹೇಗೆ?

ಮೊಬೈಲ್‌ನಲ್ಲಾದರೆ ಸುಲಭ. ಜಿಮೇಲ್ ಆಪ್ ತೆರೆದು, ಮೇಲಿನ ಮೂಲೆಯಲ್ಲಿರುವ ನಿಮ್ಮ ಚಿತ್ರ ಒತ್ತಿ, ಇನ್ನೊಂದು ಖಾತೆ ಸೇರಿಸಿ ಎಂಬುದನ್ನು ಆರಿಸಿ, ಯಾಹೂ ಒತ್ತಿ. ಯಾಹೂ ಪುಟ ಬರುತ್ತದೆ, ಲಾಗಿನ್ ಆಗಿ ಒಪ್ಪಿಗೆ ಕೊಡಿ. ಎರಡೂ ಖಾತೆ ಒಂದೇ ಆಪ್‌ನಲ್ಲಿ ಕೂರುತ್ತವೆ. ಆಲ್ ಇನ್‌ಬಾಕ್ಸಸ್ ಅಂತ ಒಂದು ಜಾಗ ಇದೆ, ಅದನ್ನು ಒತ್ತಿದರೆ ಎರಡರ ಪತ್ರಗಳೂ ಒಟ್ಟಿಗೇ ಕಾಣುತ್ತವೆ.

ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು ನೋಡುವವರಿಗೆ ಕಷ್ಟ ಜಾಸ್ತಿ. ಬೇರೆ ಖಾತೆಯ ಮೇಲ್ ಎಳೆದುಕೊಳ್ಳುವ ಪಾಪ್ ಸೌಲಭ್ಯವನ್ನೂ, ಬೇರೆ ಕಂಪನಿಯ ಖಾತೆಯನ್ನು ಜಿಮೇಲ್‌ಗೆ ಜೋಡಿಸುವ ಜಿಮೇಲಿಫೈ ಎಂಬುದನ್ನೂ 2026ರಿಂದ ನಿಲ್ಲಿಸುವುದಾಗಿ ಗೂಗಲ್ ಹೇಳಿದೆ. ಈಗಾಗಲೇ ಎಳೆದುಕೊಂಡ ಹಳೆಯ ಪತ್ರಗಳು ಜಿಮೇಲ್‌ನಲ್ಲೇ ಉಳಿಯುತ್ತವೆ. ಆದ್ದರಿಂದ ಯಾರಾದರೂ ಹಳೆಯ ವಿಡಿಯೋ ನೋಡಿ ಆ ಸೆಟ್ಟಿಂಗ್ ಹುಡುಕುತ್ತಿದ್ದರೆ ಅದನ್ನು ಬಿಟ್ಟುಬಿಡಿ. ಯಾಹೂದಿಂದಲೇ ಫಾರ್ವರ್ಡ್ ಮಾಡೋಣ, ಅಂದರೆ ಬಂದ ಪತ್ರ ತಾನಾಗೇ ಜಿಮೇಲ್‌ಗೆ ಹೋಗುವಂತೆ ಮಾಡೋಣ ಎಂದರೆ, 2021ರಿಂದ ಅದಕ್ಕೆ ದುಡ್ಡು ಕೊಡಬೇಕು.

ನಾನು ಕೊಡುವ ಸಲಹೆ ಇಷ್ಟು. ಕಂಪ್ಯೂಟರ್‌ನಲ್ಲಿ ದಿನವಿಡೀ ಕೂತು ಕೆಲಸ ಮಾಡುವವರು ಥಂಡರ್‌ಬರ್ಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಯಾಹೂ, ಜಿಮೇಲ್, ಔಟ್‌ಲುಕ್ ಮೂರನ್ನೂ ಅದು ಹೊಸ ಪದ್ಧತಿಯಲ್ಲೇ ಜೋಡಿಸುತ್ತದೆ. ಗದಗದ ಒಬ್ಬ ಆಡಿಟರ್‌ಗೆ ಐದು ಖಾತೆ ಇದ್ದವು. ಐದನ್ನೂ ಇದರಲ್ಲೇ ಹಾಕಿಕೊಟ್ಟೆವು.

ಹಾಟ್‌ಮೇಲ್, ಔಟ್‌ಲುಕ್ ಇದ್ದವರು?

ಔಟ್‌ಲುಕ್‌ನಲ್ಲಿ ಫಾರ್ವರ್ಡ್ ಉಚಿತ. ಸೆಟ್ಟಿಂಗ್ಸ್, ಮೇಲ್, ಫಾರ್ವರ್ಡಿಂಗ್ ಎಂದು ಹೋಗಿ ನಿಮ್ಮ ಜಿಮೇಲ್ ವಿಳಾಸ ಹಾಕಿ. ಪ್ರತಿ ಇಟ್ಟುಕೊಳ್ಳುವ ಚೌಕಕ್ಕೆ ಗುರುತು ಹಾಕುವುದನ್ನು ಮರೆಯಬೇಡಿ. ಹಾಕದಿದ್ದರೆ ಪತ್ರ ಅಲ್ಲಿ ಉಳಿಯುವುದಿಲ್ಲ. ಮೊಬೈಲ್ ಜಿಮೇಲ್ ಆಪ್‌ನಲ್ಲಿ ಯಾಹೂ ಸೇರಿಸಿದ ಹಾಗೆಯೇ ಇದನ್ನೂ ಸೇರಿಸಬಹುದು.

ಎರಡೂ ಜಿಮೇಲ್ ಖಾತೆಗಳೇ. ಒಂದರದ್ದು ಇನ್ನೊಂದರಲ್ಲಿ ಬರಬೇಕು.

ಇದು ತೀರಾ ಸಲೀಸು. ಹಳೆಯ ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್ ಎಂಬ ಕಡೆ ಹೊಸ ವಿಳಾಸ ಹಾಕಿ. ಹೊಸ ಖಾತೆಗೆ ಒಂದು ಖಚಿತ ಮಾಡುವ ಪತ್ರ ಬರುತ್ತದೆ, ಅದನ್ನು ಒಪ್ಪಿ. ಇದು ಕಂಪ್ಯೂಟರ್‌ನಲ್ಲೇ ಆಗಬೇಕು, ಮೊಬೈಲ್ ಆಪ್‌ನಲ್ಲಿ ಈ ಜಾಗ ಸಿಗುವುದಿಲ್ಲ. ಸ್ಪ್ಯಾಮ್‌ಗೆ ಬಿದ್ದ ಪತ್ರ ಮಾತ್ರ ಮುಂದೆ ಹೋಗುವುದಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಹಳೆಯದರ ಸ್ಪ್ಯಾಮ್ ಕಡೆ ಇಣುಕಿ ನೋಡಿ.

ಆಪ್ ಪಾಸ್‌ವರ್ಡ್ ಅಂತಾರಲ್ಲ, ಅದೇನು?

ಒಪ್ಪಿಗೆ ಪುಟ ತೋರಿಸಲು ಬಾರದ ಹಳೆಯ ತಂತ್ರಾಂಶ, ಹಳೆಯ ಮಷಿನ್‌ಗಳಿಗಾಗಿ ಇಟ್ಟಿರುವ ದಾರಿ ಅದು. ನಿಮ್ಮ ನಿಜವಾದ ಪಾಸ್‌ವರ್ಡ್ ಬದಲು ಗೂಗಲ್ ತಾನೇ 16 ಅಕ್ಷರದ ಒಂದು ಬೇರೆ ಪಾಸ್‌ವರ್ಡ್ ಮಾಡಿಕೊಡುತ್ತದೆ. ಆ ಒಂದು ಮಷಿನ್‌ಗೆ ಮಾತ್ರ ಅದನ್ನು ಹಾಕಬೇಕು. ಯಾಹೂದಲ್ಲೂ ಇದೆ. ಔಟ್‌ಲುಕ್‌ನ ಮನೆಬಳಕೆ ಖಾತೆಗಳಲ್ಲಿ ಇದರಿಂದ ಮೇಲ್ ಜೋಡಿಸಲು ಈಗ ಆಗುವುದಿಲ್ಲ.

ಗೂಗಲ್‌ನಲ್ಲಿ ಇದು ಬೇಕಾದರೆ ಮೊದಲು ಎರಡು ಹಂತದ ಪರಿಶೀಲನೆ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತನ್ನೂ ಕೇಳುವುದು) ಚಾಲೂ ಇರಬೇಕು. ಅದಿಲ್ಲದೆ ಆಪ್ ಪಾಸ್‌ವರ್ಡ್ ಎಂಬ ಪುಟವೇ ಸಿಗುವುದಿಲ್ಲ. ಬಹಳ ಮಂದಿ ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಆ 16 ಅಕ್ಷರ ಒಮ್ಮೆ ಮಾತ್ರ ಕಾಣುತ್ತದೆ, ಪುಟ ಮುಚ್ಚಿದರೆ ಮುಗಿಯಿತು. ಕಳೆದುಹೋದರೆ ಹಳೆಯದನ್ನು ಅಳಿಸಿ ಹೊಸದು ಮಾಡಿಕೊಂಡರಾಯಿತು.

ಧಾರವಾಡದಲ್ಲಿ ಹೈಕೋರ್ಟ್ ಪೀಠ ಇರುವುದರಿಂದ ವಕೀಲರ ಕಚೇರಿಗಳು ಬಹಳ. ಅಲ್ಲಿನ ಜೆರಾಕ್ಸ್ ಮಷಿನ್‌ಗಳು ಕಾಗದ ಸ್ಕ್ಯಾನ್ ಮಾಡಿ ನೇರ ಮೇಲ್‌ಗೆ ಕಳಿಸುತ್ತವೆ. ಗೂಗಲ್ ಹಳೆಯ ದಾರಿ ಮುಚ್ಚಿದ 2022ರಲ್ಲಿ ಅಂಥ ಎಷ್ಟೋ ಮಷಿನ್‌ಗಳು ಕಳಿಸುವುದನ್ನು ನಿಲ್ಲಿಸಿದವು. ಮಷಿನ್ ಕೆಟ್ಟಿದೆ ಎಂದು ಮೆಕ್ಯಾನಿಕ್ ಕರೆಸಿದವರೂ ಇದ್ದಾರೆ. ಬೇಕಿದ್ದದ್ದು ಒಂದು ಆಪ್ ಪಾಸ್‌ವರ್ಡ್ ಅಷ್ಟೇ.

ಪಾಸ್‌ವರ್ಡ್ ಬದಲಿಸಿದೆ. ಮರುದಿನ ಎಲ್ಲ ನಿಂತಿದೆ!

ಇದು ನನಗೇ ಆಗಿದೆ. ದೀಪಾವಳಿ ಮುಂದಿನ ವಾರ, ಅಂಗಡಿ ತುಂಬ ಜನ. ಯಾರೋ ನಮ್ಮ ಖಾತೆಗೆ ನುಗ್ಗಲು ನೋಡಿದ್ದಾರೆ ಎಂಬ ಎಚ್ಚರಿಕೆ ಬಂತು. ಕೂಡಲೇ ಪಾಸ್‌ವರ್ಡ್ ಬದಲಿಸಿದೆ. ಅದು ಸರಿಯೇ. ಆದರೆ ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಆಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ ಎಂಬುದು ನೆನಪಿಗೆ ಬರಲಿಲ್ಲ. ಬಿಲ್ ಮಾಡುವ ಕಂಪ್ಯೂಟರ್‌ನಿಂದ ಎರಡು ದಿನ ಒಂದು ಬಿಲ್ಲೂ ಗಿರಾಕಿಗಳಿಗೆ ಹೋಗಲಿಲ್ಲ. ನವಲಗುಂದದ ಗಿರಾಕಿಯೊಬ್ಬರು ಫೋನ್ ಮಾಡಿ ಕೇಳಿದಾಗ ಗೊತ್ತಾಯಿತು. ಎರಡು ದಿನದ ಬಿಲ್‌ಗಳನ್ನು ಕೂತು ಮತ್ತೆ ಕಳಿಸಿದೆವು.

ಈಗ ಒಂದು ಹಾಳೆಯಲ್ಲಿ ಬರೆದು ಅಂಟಿಸಿದ್ದೇನೆ: ಬಿಲ್ ಕಂಪ್ಯೂಟರ್, ಸ್ಕ್ಯಾನರ್, ಮನೆಯ ಲ್ಯಾಪ್‌ಟಾಪ್. ಯಾವ ಯಾವ ಕಡೆ ಆಪ್ ಪಾಸ್‌ವರ್ಡ್ ಹಾಕಿದ್ದೇವೆ ಎಂಬ ಹೆಸರು ಮಾತ್ರ. ಪಾಸ್‌ವರ್ಡ್ ಬರೆದಿಲ್ಲ. ನೀವೂ ಹೀಗೆ ಮಾಡಿ.

ಖಾತೆ ಜೋಡಿಸುವಾಗ ತಂತ್ರಾಂಶ ಪೋರ್ಟ್ ನಂಬರ್ ಕೇಳುತ್ತದೆ. ಏನು ಹಾಕಲಿ?

ಜಿಮೇಲ್, ಯಾಹೂ ಎರಡಕ್ಕೂ ಐಮ್ಯಾಪ್ ಪೋರ್ಟ್ 993, ಪಾಪ್ ಪೋರ್ಟ್ 995. ಕಳಿಸುವುದಕ್ಕೆ 465 ಅಥವಾ 587. ಐಮ್ಯಾಪ್, ಪಾಪ್ ಎಂದರೆ ಕಂಪನಿಯ ಸರ್ವರ್‌ನಿಂದ ಪತ್ರ ತರುವ ಎರಡು ಪದ್ಧತಿ. ಎರಡರಲ್ಲಿ ಯಾವುದು ಎಂದರೆ ಐಮ್ಯಾಪ್ ಆರಿಸಿ. ಅದರಲ್ಲಿ ಪತ್ರ ಸರ್ವರ್‌ನಲ್ಲೇ ಇರುತ್ತದೆ, ಮೊಬೈಲ್‌ನಲ್ಲಿ ಓದಿದ್ದು ಕಂಪ್ಯೂಟರ್‌ನಲ್ಲೂ ಓದಿದ ಹಾಗೆ ತೋರಿಸುತ್ತದೆ. ಪಾಪ್ ಪತ್ರವನ್ನು ಇಳಿಸಿಕೊಳ್ಳುತ್ತದೆ. ಸೆಟ್ಟಿಂಗ್ ನೋಡದೆ ಬಿಟ್ಟರೆ ಸರ್ವರ್‌ನಿಂದ ಅಳಿಸಿಯೂ ಬಿಡಬಹುದು. ಜಿಮೇಲ್‌ನಲ್ಲಿ ಐಮ್ಯಾಪ್ ಚಾಲೂ ಮಾಡುವ ಗುಂಡಿ ಕಾಣುತ್ತಿಲ್ಲ ಎಂದು ಹೆದರಬೇಡಿ. 2025ರ ಜನವರಿಯಿಂದ ಅದು ಯಾವಾಗಲೂ ಚಾಲೂ.

ಹಳೆಯ ವಿಳಾಸದಿಂದಲೇ ಉತ್ತರ ಹೋಗಬೇಕು. ಗಿರಾಕಿಗಳಿಗೆ ಆ ವಿಳಾಸವೇ ಗೊತ್ತು.

ಮೊಬೈಲ್‌ನಲ್ಲಿ ಆ ಖಾತೆಯೊಳಗೆ ಬಂದ ಪತ್ರಕ್ಕೆ ಅಲ್ಲಿಂದಲೇ ಉತ್ತರಿಸಿದರೆ ಹಳೆಯ ವಿಳಾಸವೇ ಹೋಗುತ್ತದೆ. ಥಂಡರ್‌ಬರ್ಡ್‌ನಲ್ಲೂ ಹಾಗೆಯೇ. ಫಾರ್ವರ್ಡ್ ಆಗಿ ಬಂದ ಪತ್ರಕ್ಕೆ ಮಾತ್ರ ಎಚ್ಚರ ಬೇಕು, ಉತ್ತರ ಹೊಸ ವಿಳಾಸದಿಂದ ಹೋಗಿಬಿಡುತ್ತದೆ. ಕಳಿಸುವ ಮುಂಚೆ ಫ್ರಮ್ ಎಂಬ ಸಾಲು ಒಮ್ಮೆ ನೋಡಿ.

ನನ್ನ ಮೇಲ್ ಅನ್ನು ನಮ್ಮ ಗುಮಾಸ್ತರೂ ನೋಡಬೇಕು. ಪಾಸ್‌ವರ್ಡ್ ಕೊಟ್ಟುಬಿಡಲಾ?

ದಯವಿಟ್ಟು ಬೇಡ. ಗುಮಾಸ್ತರ ಮೇಲೆ ನಂಬಿಕೆ ಇಲ್ಲ ಎಂದಲ್ಲ. ಅವರ ಮೊಬೈಲ್ ಕಳೆಯಬಹುದು, ಅವರು ಕೆಲಸ ಬಿಡಬಹುದು, ಅವರೇ ಯಾವುದೋ ಮೋಸದ ಪುಟದಲ್ಲಿ ಆ ಪಾಸ್‌ವರ್ಡ್ ಹಾಕಬಹುದು. ಒಂದೇ ಪಾಸ್‌ವರ್ಡನ್ನು ಬೇರೆ ಬೇರೆ ಜಾಗದಿಂದ ಹಾಕಿದರೆ ಕಂಪನಿಗೂ ಅನುಮಾನ ಬಂದು ಖಾತೆಗೆ ಬೀಗ ಬೀಳಬಹುದು.

ಜಿಮೇಲ್‌ನಲ್ಲಿ ಇದಕ್ಕೆಂದೇ ಒಂದು ಏರ್ಪಾಡು ಇದೆ, ಯಾಕೋ ಯಾರೂ ಬಳಸುವುದಿಲ್ಲ. ಕಂಪ್ಯೂಟರ್‌ನಲ್ಲಿ ಸೆಟ್ಟಿಂಗ್ಸ್ ತೆರೆದು ಅಕೌಂಟ್ಸ್ ಕಡೆ ಹೋದರೆ ಇನ್ನೊಬ್ಬರಿಗೆ ಪ್ರವೇಶ ಕೊಡುವ ಜಾಗ ಸಿಗುತ್ತದೆ. ಗುಮಾಸ್ತರ ಜಿಮೇಲ್ ವಿಳಾಸ ಹಾಕಿ. ಅವರಿಗೆ ಆಹ್ವಾನ ಹೋಗುತ್ತದೆ, ವಾರದೊಳಗೆ ಒಪ್ಪಬೇಕು. ಒಪ್ಪಿದ ಮೇಲೂ ಚಾಲೂ ಆಗಲು ಒಂದು ದಿನ ಹಿಡಿಯಬಹುದು. ಆಮೇಲೆ ಅವರು ತಮ್ಮದೇ ಲಾಗಿನ್‌ನಿಂದ ನಿಮ್ಮ ಪತ್ರ ಓದಬಹುದು, ಉತ್ತರಿಸಬಹುದು, ಅಳಿಸಲೂಬಹುದು. ನಿಮ್ಮ ಪಾಸ್‌ವರ್ಡ್ ಬದಲಿಸಲು ಮಾತ್ರ ಆಗುವುದಿಲ್ಲ. ಮನೆಬಳಕೆಯ ಖಾತೆಗೆ 10 ಜನರವರೆಗೆ ಹೀಗೆ ಸೇರಿಸಬಹುದು. ಅವರು ಕೆಲಸ ಬಿಟ್ಟ ದಿನ ಹೆಸರು ತೆಗೆದರೆ ಮುಗಿಯಿತು, ಯಾರ ಹತ್ತಿರವೂ ಪಾಸ್‌ವರ್ಡ್ ಉಳಿದಿರುವುದಿಲ್ಲ. ವ್ಯಾಪಾರಸ್ಥರು, ವಕೀಲರು, ಡಾಕ್ಟರುಗಳಿಗೆ ನಾನು ಮೊದಲು ಹೇಳುವುದೇ ಇದನ್ನು.

ಕೋಡ್ ಬರುವ ಸಿಮ್ಮೇ ಈಗ ಇಲ್ಲ. ಏನು ಮಾಡಲಿ?

ಮೊದಲು ಆ ಖಾತೆ ಇನ್ನೂ ತೆರೆದೇ ಇರುವ ಫೋನ್ ಅಥವಾ ಕಂಪ್ಯೂಟರ್ ಇದೆಯಾ ನೋಡಿ. ಇದ್ದರೆ ಅಲ್ಲಿಂದ ಲಾಗ್ ಔಟ್ ಆಗಬೇಡಿ. ಅಲ್ಲಿಂದಲೇ ನಂಬರ್ ಬದಲಿಸಲು ನೋಡಿ. ಇಲ್ಲದಿದ್ದರೆ ರಿಕವರಿ ಪುಟವೇ ಗತಿ. ಆ ಖಾತೆಯನ್ನು ದಿನಾ ಬಳಸುತ್ತಿದ್ದ ಜಾಗದಿಂದ, ಬಳಸುತ್ತಿದ್ದ ಅದೇ ಫೋನ್‌ನಿಂದ ಪ್ರಯತ್ನಿಸಿ. ನಮ್ಮ ಅಂಗಡಿಗೆ ಬಂದು ಮಾಡುವುದಕ್ಕಿಂತ ನಿಮ್ಮ ಮನೆಯಲ್ಲೇ ಮಾಡಿದರೆ ಸಿಗುವ ಸಾಧ್ಯತೆ ಜಾಸ್ತಿ. ಹೀಗೆ ಹೇಳಿ ಎಷ್ಟೋ ಜನರನ್ನು ವಾಪಸ್ ಕಳಿಸಿದ್ದೇನೆ.

ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ಬಂದ್ ಆದ 90 ದಿನಗಳ ನಂತರ ಬೇರೆಯವರಿಗೆ ಹೋಗಬಹುದು. ನಿಮ್ಮ ಕೋಡ್ ಆಗ ಅವರ ಫೋನ್‌ಗೆ ಬರುತ್ತದೆ. ಸಿಮ್ ಬಿಡುವ ಮುಂಚೆಯೇ ಮೇಲ್‌ನಲ್ಲಿ ನಂಬರ್ ಬದಲಿಸಿ.

ಗೂಗಲ್ ಖಾತೆ ಇದ್ದವರು, ಮೊಬೈಲ್‌ಗೆ ಕೋಡ್ ಬಾರದಾಗ ಹಾಕಲು ಬ್ಯಾಕಪ್ ಕೋಡ್ ಇಳಿಸಿಟ್ಟುಕೊಳ್ಳಿ. ಒಟ್ಟು 10 ಕೋಡ್, ಒಂದೊಂದು 8 ಅಂಕಿ, ಒಂದನ್ನು ಒಮ್ಮೆ ಮಾತ್ರ ಬಳಸಬಹುದು. ಪ್ರಿಂಟ್ ತೆಗೆದು ಮನೆಯ ಕಾಗದಪತ್ರ ಇಡುವ ಕಡೆ ಇಡಿ.

ಕಾಲೇಜಿನ, ಆಫೀಸಿನ ಮೇಲ್ ಅನ್ನು ಹೀಗೆ ಜೋಡಿಸಬಹುದಾ?

ಅದು ಅಲ್ಲಿನ ಮೇಲ್ ವ್ಯವಸ್ಥೆ ನೋಡಿಕೊಳ್ಳುವ ಅಡ್ಮಿನ್ ಕೈಯಲ್ಲಿದೆ. ಫಾರ್ವರ್ಡ್, ಆಪ್ ಪಾಸ್‌ವರ್ಡ್ ಎರಡನ್ನೂ ಅವರು ಬಂದ್ ಮಾಡಿರಬಹುದು. ಕೇಳಿ ಮಾಡಿ.

"ನಿಮ್ಮ ಮೇಲ್ ಇಂದೇ ಬಂದ್ ಆಗುತ್ತದೆ, ಇಲ್ಲಿ ಒತ್ತಿ" ಅಂತ ಬಂದಿದೆ. ಒತ್ತಲಾ?

ಒತ್ತಬೇಡಿ. ಲಾಗಿನ್ ನಿಯಮ ಬದಲಾಗಿದ್ದು ನಿಜ ಆದ್ದರಿಂದಲೇ ಇಂಥ ಸುಳ್ಳು ಪತ್ರಗಳನ್ನು ಜನ ನಂಬುತ್ತಾರೆ. ಅನುಮಾನ ಬಂದರೆ ಪತ್ರದ ಲಿಂಕ್ ಬಿಟ್ಟು, ಬ್ರೌಸರ್‌ನಲ್ಲಿ ನೀವೇ ವಿಳಾಸ ಟೈಪ್ ಮಾಡಿ ಖಾತೆ ತೆರೆಯಿರಿ. ನಿಜವಾದ ಸೂಚನೆ ಇದ್ದರೆ ಅಲ್ಲೇ ಕಾಣುತ್ತದೆ. ಫೋನ್ ಮಾಡಿ ಓಟಿಪಿ ಕೇಳುವವರು, ನಿಮ್ಮ ಪರದೆ ನೋಡುವ ಆಪ್ ಹಾಕಿಕೊಳ್ಳಿ ಎನ್ನುವವರು, ಇವರ ಮಾತು ಕೇಳಬೇಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಂಗಡಿಗಳಲ್ಲಿ ಮೇಲ್ ತೆಗೆಯುವಾಗಲೂ ಅಷ್ಟೇ, ನಮ್ಮ ಅಂಗಡಿಯಾದರೂ ಸರಿ. ಪಾಸ್‌ವರ್ಡ್ ನೀವೇ ಟೈಪ್ ಮಾಡಿ, ಸೇವ್ ಮಾಡಲಾ ಎಂದು ಕೇಳಿದರೆ ಬೇಡ ಎನ್ನಿ. ಲಾಗ್ ಔಟ್ ಮಾಡಲು ಮರೆತು ಮನೆಗೆ ಹೋದರೆ ಮೊಬೈಲ್‌ನಲ್ಲಿ ಖಾತೆಯ ಭದ್ರತೆ ಪುಟ ತೆರೆಯಿರಿ. ಲಾಗಿನ್ ಆಗಿರುವ ಸಾಧನಗಳ ಪಟ್ಟಿ ಇರುತ್ತದೆ, ಅಲ್ಲಿಂದಲೇ ಹೊರಗೆ ಹಾಕಬಹುದು.

ಎಷ್ಟು ದಿನ ತೆಗೆಯದಿದ್ದರೆ ಹಳೆಯ ಖಾತೆ ಹೋಗುತ್ತದೆ?

ಯಾಹೂ 12 ತಿಂಗಳು ಬಳಸದ ಖಾತೆಯ ಪತ್ರಗಳನ್ನು ಅಳಿಸಬಹುದು. ಗೂಗಲ್, ಮೈಕ್ರೋಸಾಫ್ಟ್ 2 ವರ್ಷ ಬಳಸದ ಖಾತೆಯನ್ನೇ ತೆಗೆದುಹಾಕಬಹುದು. ಫಾರ್ವರ್ಡ್ ಹಾಕಿದ್ದೇವೆ ಎಂದು ಮರೆತು ಕೂರಬೇಡಿ. ಯುಗಾದಿಗೊಮ್ಮೆ, ದಸರೆಗೊಮ್ಮೆ ನೇರವಾಗಿ ಲಾಗಿನ್ ಆಗಿ ಒಂದು ಪತ್ರ ಕಳಿಸಿ.

ಅಪ್ಪನ ಮೇಲ್‌ನಲ್ಲಿ ಎಲ್ಲ ಕಾಗದಪತ್ರ ಇದೆ. ಅವರಿಗೆ ವಯಸ್ಸಾಗಿದೆ. ಮುಂದೆ ಹೇಗೆ?

ಇದನ್ನು ಕೇಳಲು ಸಂಕೋಚಪಡುವವರೇ ಜಾಸ್ತಿ. ಕೇಳುವುದು ಒಳ್ಳೆಯದೇ. ಗೂಗಲ್ ಖಾತೆಯಲ್ಲಿ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಎಂಬುದಿದೆ. ಇಷ್ಟು ತಿಂಗಳು ಖಾತೆ ಬಳಸದಿದ್ದರೆ ಇಂಥವರಿಗೆ ತಿಳಿಸಿ, ಅವರು ಇಂತಿಂಥದ್ದನ್ನು ಇಳಿಸಿಕೊಳ್ಳಬಹುದು ಎಂದು ಅಪ್ಪನೇ ಮೊದಲೇ ಬರೆದಿಡಬಹುದು. 10 ಜನರ ಹೆಸರು ಹಾಕಬಹುದು. ಅವರು ಇರುವಾಗ, ಅವರ ಕೈಯಿಂದಲೇ ಮಾಡಿಸಬೇಕು. ಒಂದು ಭಾನುವಾರ ಚಹಾ ಕುಡಿಯುತ್ತಾ ಪಕ್ಕದಲ್ಲಿ ಕೂತು ಮಾಡಿಸಿ. ಜೊತೆಗೆ ಅವರ ರಿಕವರಿ ನಂಬರ್ ಯಾವುದಿದೆ ಅಂತಲೂ ಆಗಲೇ ನೋಡಿಬಿಡಿ.